ಕಿಡ್ನಿ ರೋಗಿಯ ತಟ್ಟೆಯಿಂದ ಮೊದಲು ತೆಗೆಯಬೇಕಾದುದು ಬೇಳೆಯೇ?

ಮನೆಯಲ್ಲೊಬ್ಬರಿಗೆ ಕಿಡ್ನಿ ತೊಂದರೆ ಇದೆ ಎಂದು ವೈದ್ಯರು ಹೇಳಿದ ದಿನದಿಂದಲೇ ಆ ಮನೆಯ ಅಡುಗೆ ಬದಲಾಗುತ್ತದೆ. ನೋಡಲು ಬಂದ ಸಂಬಂಧಿಕರಲ್ಲಿ ಒಬ್ಬರು ಬೇಳೆ ಕೊಡಬೇಡಿ ಎನ್ನುತ್ತಾರೆ. ಇನ್ನೊಬ್ಬರು ಸೊಪ್ಪು, ಟೊಮೆಟೊ, ಹಣ್ಣು ಯಾವುದನ್ನೂ ಮುಟ್ಟಿಸಬಾರದು ಎನ್ನುತ್ತಾರೆ. ಕೊನೆಗೆ ರೋಗಿಯ ಮುಂದೆ ಉಳಿಯುವುದು ಗಂಜಿ, ಉಪ್ಪಿನಕಾಯಿ ಮತ್ತು ಒಂದು ತುಂಡು ಒಣಮೀನು. ಸುಸ್ತು ಹೆಚ್ಚಾದರೆ ಶಕ್ತಿ ಬರಲಿ ಎಂದು ಕಾಲು ಸೂಪು. ಶುಕ್ರವಾರ ಮಾತ್ರ ಎಂದಿನಂತೆ ಬಿರಿಯಾನಿ. ಜುಮಾ ದಿನ ಉಮ್ಮನಿಗೆ, ಬಾಪನಿಗೆ ಅಷ್ಟೂ ಇಲ್ಲವೆನ್ನಲು ಯಾರಿಗೆ ಮನಸ್ಸು ಬರುತ್ತದೆ?

ಪ್ರೀತಿಯಿಂದ ಮಾಡುವ ಈ ಪಥ್ಯ ಬಹಳಷ್ಟು ರೋಗಿಗಳ ಪಾಲಿಗೆ ತಲೆಕೆಳಗಾಗಿದೆ. ಇರಬೇಕಾದುದನ್ನು ತೆಗೆದು, ಕಡಿಮೆ ಮಾಡಬೇಕಾದುದನ್ನು ಉಳಿಸಿಕೊಂಡಂತೆ. ಕಿಡ್ನಿ ರೋಗದ ಚಿಕಿತ್ಸೆಗೆ ಜಗತ್ತಿನಾದ್ಯಂತ ವೈದ್ಯರು ಅನುಸರಿಸುವ ಕೆಡಿಗೋ ಮಾರ್ಗಸೂಚಿಯ 2024ರ ಆವೃತ್ತಿ ಹೇಳುವುದು ಇಷ್ಟು: ದೀರ್ಘಕಾಲದ ಕಿಡ್ನಿ ರೋಗವಿದ್ದವರ ಊಟದಲ್ಲಿ ಪ್ರಾಣಿಜನ್ಯ ಆಹಾರಕ್ಕಿಂತ ಸಸ್ಯಜನ್ಯ ಆಹಾರದ ಪಾಲು ಹೆಚ್ಚಿರಲಿ, ಕಾರ್ಖಾನೆಯಲ್ಲಿ ಸಂಸ್ಕರಿಸಿದ ತಿನಿಸು ಕಡಿಮೆ ಇರಲಿ. ಮಾಂಸವನ್ನು ಪೂರ್ತಿ ಬಿಡಬೇಕೆಂದು ಅದು ಹೇಳುವುದಿಲ್ಲ. ಬೇಳೆ, ತರಕಾರಿ ಬಿಡಬೇಕೆಂದಂತೂ ಹೇಳುವುದೇ ಇಲ್ಲ.

ಹೀಗೇಕೆ ಎಂದು ತಿಳಿಯಬೇಕಾದರೆ ಮಾಂಸದ ತುಂಡು ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಪ್ರೊಟೀನು ಯಾವುದೇ ಇರಲಿ, ಅದು ದೇಹದಲ್ಲಿ ಬಳಕೆಯಾದ ಮೇಲೆ ಯೂರಿಯಾದಂತಹ ಕಸ ಉಳಿಯುತ್ತದೆ. ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುವುದು ಕಿಡ್ನಿಯ ಕೆಲಸ. ಮಾಂಸದ ವಿಷಯದಲ್ಲಿ ಇದರ ಜೊತೆಗೆ ಇನ್ನೆರಡು ಹೊರೆಗಳು ಸೇರುತ್ತವೆ.

ಒಂದು, ಫಾಸ್ಫರಸ್. ಕಿಡ್ನಿ ಸೋತಾಗ ರಕ್ತದಲ್ಲಿ ಫಾಸ್ಫರಸ್ ಏರಿ ಮೂಳೆ ಸವೆಯುತ್ತದೆ, ಮೈ ತುರಿಸುತ್ತದೆ, ರಕ್ತನಾಳಗಳ ಗೋಡೆ ಸುಣ್ಣಗಟ್ಟುತ್ತದೆ. ಬೇಳೆಯಲ್ಲೂ ಫಾಸ್ಫರಸ್ ಇದೆ. ಹಳೆಯ ಪಥ್ಯದ ಪಟ್ಟಿಗಳು ಬೇಳೆ ಬೇಡ ಎನ್ನಲು ಅದೂ ಒಂದು ಕಾರಣ. ಆದರೆ ಕಾಳುಗಳೊಳಗಿನ ಫಾಸ್ಫರಸ್ಸಿನ ದೊಡ್ಡ ಪಾಲು ಫೈಟೇಟ್ ಎಂಬ ರೂಪದಲ್ಲಿ, ಬೀಗ ಹಾಕಿಟ್ಟಂತೆ ಇರುತ್ತದೆ. ಆ ಬೀಗ ತೆರೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಅದರಲ್ಲಿ ಹೆಚ್ಚಿನದು ಮಲದೊಂದಿಗೆ ಹೊರಟುಹೋಗುತ್ತದೆ. ಮಾಂಸದ ಫಾಸ್ಫರಸ್ಸಿಗೆ ಅಂತಹ ಬೀಗವಿಲ್ಲ. 2011ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನ ತಂಡವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಕಿಡ್ನಿ ರೋಗವಿದ್ದ 9 ಮಂದಿಗೆ ಒಂದು ವಾರ ಮಾಂಸದ ಊಟ, ಇನ್ನೊಂದು ವಾರ ಧಾನ್ಯ, ಬೇಳೆಕಾಳುಗಳ ಊಟ ಕೊಟ್ಟರು. ಪ್ರೊಟೀನು ಮತ್ತು ಫಾಸ್ಫರಸ್ಸಿನ ಪ್ರಮಾಣ ಎರಡೂ ವಾರ ಒಂದೇ ಮಟ್ಟದಲ್ಲಿತ್ತು. ಆದರೂ ಸಸ್ಯಾಹಾರದ ವಾರದ ಕೊನೆಯಲ್ಲಿ ರಕ್ತದ ಫಾಸ್ಫರಸ್ ಕಡಿಮೆಯಿತ್ತು. 9 ಮಂದಿ ಎಂದರೆ ಸಣ್ಣ ಸಂಖ್ಯೆ, ನಿಜ. ಆದರೂ ಪಥ್ಯದ ಪಟ್ಟಿಯನ್ನು ತಿದ್ದುವಂತೆ ವೈದ್ಯರನ್ನು ಯೋಚನೆಗೆ ಹಚ್ಚಿದ ಕೆಲಸಗಳಲ್ಲಿ ಅದೊಂದು.

ಇನ್ನೊಂದು, ಆಮ್ಲ. ಮಾಂಸ, ಮೊಟ್ಟೆ, ಚೀಸ್ ಇವು ಜೀರ್ಣವಾದ ಮೇಲೆ ದೇಹದಲ್ಲಿ ಆಮ್ಲ ಉಳಿಸುತ್ತವೆ. ತರಕಾರಿ, ಹಣ್ಣು ಅದಕ್ಕೆ ವಿರುದ್ಧವಾಗಿ ಕ್ಷಾರ ಕೊಡುತ್ತವೆ. (ನಿಂಬೆ ನಾಲಿಗೆಗೆ ಹುಳಿಯಾದರೂ ಈ ಲೆಕ್ಕದಲ್ಲಿ ಕ್ಷಾರದ ಪಕ್ಷದ್ದೇ.) ಆರೋಗ್ಯವಂತ ಕಿಡ್ನಿ ಆಮ್ಲವನ್ನು ಹೊರಹಾಕುತ್ತದೆ, ಸೋತ ಕಿಡ್ನಿಗೆ ಅದು ಕಷ್ಟ. ಉಳಿದ ಆಮ್ಲ ಮಾಂಸಖಂಡವನ್ನೂ ಮೂಳೆಯನ್ನೂ ತಿನ್ನುತ್ತದೆ, ಕಿಡ್ನಿಯನ್ನೇ ಇನ್ನಷ್ಟು ಕೆಡಿಸುತ್ತದೆ. ಇದಕ್ಕೆಂದೇ ವೈದ್ಯರು ಸೋಡಾ ಮಾತ್ರೆ ಕೊಡುವುದು. ಟೆಕ್ಸಾಸಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕನೇ ಹಂತದ ಕಿಡ್ನಿ ರೋಗವಿದ್ದ 71 ಮಂದಿಯಲ್ಲಿ ಕೆಲವರಿಗೆ ಸೋಡಾ ಮಾತ್ರೆ, ಉಳಿದವರಿಗೆ ಹಣ್ಣು ತರಕಾರಿ ಕೊಟ್ಟು ಒಂದು ವರ್ಷ ನೋಡಿದರು. ಎರಡೂ ಗುಂಪುಗಳಲ್ಲಿ ಆಮ್ಲ ಹತೋಟಿಗೆ ಬಂತು, ಹಣ್ಣು ತಿಂದವರ ಪೊಟ್ಯಾಸಿಯಂ ಏರಲಿಲ್ಲ. ಆದರೆ ಮೊದಲೇ ಪೊಟ್ಯಾಸಿಯಂ ಹೆಚ್ಚಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. 'ಸಸ್ಯಾಹಾರ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರ ಮುಖ ಗಂಟಾಗುತ್ತದೆ. ಈ ದೇಶದಲ್ಲಿ ಯಾರು ಏನು ತಿನ್ನುತ್ತಾರೆ ಎಂಬುದೇ ದೊಡ್ಡ ವಿವಾದವಾಗಿರುವಾಗ ಅದರಲ್ಲಿ ಆಶ್ಚರ್ಯವಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಪಥ್ಯದ ಹಾಳೆಯಲ್ಲಿ ನಮ್ಮ ಅಡುಗೆಯ ಹೆಸರುಗಳೂ ಇರುವುದಿಲ್ಲ. 'ನಾನ್‌ವೆಜ್ ಬಿಡಿ' ಎಂಬ ಒಂದು ಸಾಲು ಮಾತ್ರ ಇರುತ್ತದೆ. ಪರಿಣಾಮವಾಗಿ ರೋಗಿ ವೈದ್ಯರ ಮುಂದೆ ತಲೆಯಾಡಿಸಿ, ಮನೆಗೆ ಬಂದು ಕದ್ದು ತಿನ್ನುತ್ತಾರೆ. ಇಲ್ಲವೇ ಎಲ್ಲವನ್ನೂ ಬಿಟ್ಟು ಸೊರಗುತ್ತಾರೆ. ಇಲ್ಲಿ ಬೇಕಾಗಿರುವುದು ಅಳತೆ ಮಾತ್ರ. ಮಾಂಸ ನಮಗೆ ಹಲಾಲ್, ಆದರೆ ದಿನವೂ ತಿನ್ನಲೇಬೇಕೆಂಬ ಕಡ್ಡಾಯ ನಮ್ಮ ಧರ್ಮದಲ್ಲಿ ಎಲ್ಲೂ ಇಲ್ಲ.

ಅಳತೆಯ ಲೆಕ್ಕ ಹೀಗೆ. ಮೂರರಿಂದ ಐದನೇ ಹಂತದ ಕಿಡ್ನಿ ರೋಗವಿದ್ದು ಡಯಾಲಿಸಿಸ್ ಇನ್ನೂ ಆರಂಭವಾಗದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೊಟೀನು ಎಂಬುದು ಕೆಡಿಗೋ ಹೇಳುವ ಪ್ರಮಾಣ. 60 ಕಿಲೋ ತೂಗುವವರಿಗೆ ಸುಮಾರು 48 ಗ್ರಾಂ. ಎಲುಬಿಲ್ಲದ, ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಹತ್ತಿರಹತ್ತಿರ 25 ಗ್ರಾಂ ಪ್ರೊಟೀನಿದೆ. ಮದುವೆ ಮನೆಯ ಬಿರಿಯಾನಿಯಲ್ಲಿ ನಾಲ್ಕೈದು ದೊಡ್ಡ ತುಂಡು ತಿಂದರೆ ಒಂದೇ ಊಟದಲ್ಲಿ ದಿನದ ಕೋಟಾ ಮುಗಿಯಿತು. ಅದೇ ಮೂರು ಹೊತ್ತಿನ ಅನ್ನ, ದೋಸೆ, ಚಪಾತಿಯಿಂದ ಸುಮಾರು 20 ಗ್ರಾಂ, ಎರಡು ಸಣ್ಣ ಬಟ್ಟಲು ಬೇಳೆ ಅಥವಾ ಕಾಳಿನಿಂದ 13 ಗ್ರಾಂ, ಚಹಾದ ಹಾಲು, ಮೊಸರು ಸೇರಿ 5 ಗ್ರಾಂ ಎಂದುಕೊಳ್ಳಿ. ಆಗ ಇನ್ನೂ 10 ಗ್ರಾಮಿಗೆ ಜಾಗವಿದೆ. ಒಂದು ಸಾಧಾರಣ ತುಂಡು ಮೀನಿಗೆ ಅಥವಾ ಹೆಬ್ಬೆರಳ ಗಾತ್ರದ ಎರಡು ತುಂಡು ಮಾಂಸಕ್ಕೆ ಅಷ್ಟು ಸಾಕು. ಯಾರ ತಟ್ಟೆಯೂ ಬರಿದಾಗಲಿಲ್ಲ.

ಇಂತಹ ಅಡುಗೆ ನಮಗೆ ಹೊಸದೂ ಅಲ್ಲ. ದಾಲ್ಚಾವನ್ನೇ ನೋಡಿ. ಕಡಲೆಬೇಳೆ ಅಥವಾ ತೊಗರಿಬೇಳೆ, ಸೋರೆಕಾಯಿ, ಅದರೊಳಗೆ ರುಚಿಗಾಗಿ ನಾಲ್ಕು ತುಂಡು ಮಾಂಸ. ಸ್ವಲ್ಪ ಮಾಂಸದಲ್ಲಿ ದೊಡ್ಡ ಕುಟುಂಬ ಉಣ್ಣುತ್ತಿದ್ದ ಕಾಲದ ಜಾಣತನ ಅದು. ಕರಾವಳಿಯ ಮನೆಗಳಲ್ಲಿ ಪತ್ತಿರ್ ಜೊತೆ ಹೆಸರುಕಾಳಿನ ಸಾರು, ಗಂಜಿಯ ಜೊತೆ ತೊಂಡೆಕಾಯಿ ಪಲ್ಯ ಇಂದಿಗೂ ಇದೆ. ಮಾಂಸ ಊಟದ ಒಡೆಯನಾದದ್ದು ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ. ರೋಗಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿ ಮೂಲೆಯಲ್ಲಿ ಕೂರಿಸುವ ಬದಲು ಇಡೀ ಮನೆಗೇ ವಾರದಲ್ಲಿ ನಾಲ್ಕು ದಿನ ದಾಲ್ಚಾದಂತಹ ಅಡುಗೆ ಮಾಡಿದರೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಕುಟುಂಬದಲ್ಲಿ ಹರಿದು ಬರುತ್ತವೆ. ಕಿಡ್ನಿ ಕೆಡಲು ಮುಖ್ಯ ಕಾರಣಗಳು ಅವೇ.

ಎಚ್ಚರ ಬೇಕಾದುದು ಪೊಟ್ಯಾಸಿಯಂ ವಿಷಯದಲ್ಲಿ. ಇಲ್ಲಿ ಭಯಕ್ಕೆ ಕಾರಣವಿದೆ. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ಮುನ್ಸೂಚನೆ ಇಲ್ಲದೆ ಸಾವೂ ಬರಬಹುದು. ಆದರೆ ಎಲ್ಲ ಕಿಡ್ನಿ ರೋಗಿಗಳ ಪೊಟ್ಯಾಸಿಯಂ ಏರಿರುವುದಿಲ್ಲ. ಕಿಡ್ನಿಯ ಸಾಮರ್ಥ್ಯ ಅರ್ಧಕ್ಕಿಳಿದರೂ ಹಲವರಲ್ಲಿ ಅದು ಸರಿಯಾಗಿಯೇ ಇರುತ್ತದೆ. ಅಂತಹವರಿಗೆ ಹಣ್ಣು, ಸೊಪ್ಪು ನಿಲ್ಲಿಸಿದರೆ ನಾರು ತಪ್ಪಿ ಮಲಬದ್ಧತೆ ಬರುತ್ತದೆ. ಸೋತ ಕಿಡ್ನಿಯ ಕೆಲಸದ ಸ್ವಲ್ಪ ಪಾಲನ್ನು ಕರುಳು ವಹಿಸಿಕೊಂಡು ಪೊಟ್ಯಾಸಿಯಂ ಹೊರಹಾಕುತ್ತಿರುತ್ತದೆ. ಹೊಟ್ಟೆ ಕಟ್ಟಿದರೆ ಆ ದಾರಿಯೂ ಮುಚ್ಚುತ್ತದೆ. ಅಂದರೆ ಪೊಟ್ಯಾಸಿಯಂ ಭಯದಿಂದ ಸೊಪ್ಪು ಬಿಟ್ಟವರಿಗೆ ಪೊಟ್ಯಾಸಿಯಂ ಏರಲು ಅದೇ ಒಂದು ಕಾರಣವಾಗಬಹುದು.

ಆದ್ದರಿಂದ ಕಿಡ್ನಿ ರೋಗ ಎಂಬ ಹೆಸರನ್ನಷ್ಟೇ ನೋಡಿ ಪಥ್ಯ ಮಾಡಬೇಡಿ, ರಕ್ತಪರೀಕ್ಷೆಯ ಹಾಳೆ ನೋಡಿ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ಅದು ಮೇಲಿದ್ದರೆ ಮೊದಲು ವೈದ್ಯರೊಡನೆ ಔಷಧಿಗಳ ಬಗ್ಗೆ ಮಾತನಾಡಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಸ್ಪೈರೋನೊಲ್ಯಾಕ್ಟೋನ್ ಇವೆಲ್ಲ ಅದನ್ನು ಏರಿಸಬಲ್ಲವು. ಹಾಗೆಂದು ನೀವೇ ನಿಲ್ಲಿಸಬೇಡಿ, ಅವುಗಳಲ್ಲಿ ಕೆಲವನ್ನು ಕಿಡ್ನಿಯ ರಕ್ಷಣೆಗೆಂದೇ ಕೊಟ್ಟಿರುತ್ತಾರೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಆಗಲೇ ಹೇಳಿದ ಆಮ್ಲ, ಇವೂ ಕಾರಣವಾಗುತ್ತವೆ. ಉಳಿದದ್ದು ಅಡುಗೆಮನೆಯ ಪಾಲು.

ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆಗಳ ಸಿಪ್ಪೆ ತೆಗೆದು ಸಣ್ಣದಾಗಿ ಹೆಚ್ಚಿ ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಿ. ಬರೇ ನೆನೆಸಿಟ್ಟರೆ ಹೆಚ್ಚೇನೂ ಹೋಗುವುದಿಲ್ಲ, ಕುದಿಯಬೇಕು. ಹರಿವೆ, ಬಸಳೆಯಂತಹ ಸೊಪ್ಪುಗಳಿಗೂ ಇದೇ ಕ್ರಮ. ಕಾಳುಗಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ ಅದನ್ನೂ ಬಸಿಯಿರಿ. ಬಸಿದ ನೀರಿನಲ್ಲಿ ಸತ್ವವಿದೆ ಎಂದು ಸಾರು ಮಾಡಿ ರೋಗಿಗೇ ಬಡಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಸೋರೆ, ಹೀರೆ, ಪಡುವಲ, ಸೌತೆ, ಎಲೆಕೋಸುಗಳಲ್ಲಿ ಪೊಟ್ಯಾಸಿಯಂ ಕಡಿಮೆ. ಹಣ್ಣುಗಳಲ್ಲಿ ಸೇಬು, ಅನಾನಸು ಹಗುರ. ಬಾಳೆ, ಹಲಸು, ಪೇರಳೆ, ಒಣದ್ರಾಕ್ಷಿ ಭಾರ. ರೋಗಿಯನ್ನು ನೋಡಲು ಹೋಗುವಾಗ ಕೈಯಲ್ಲಿ ಹಿಡಿದು ಹೋಗುವ ಎಳನೀರು ಕೂಡ ಭಾರವೇ. ಒಂದು ಎಳನೀರಿನಲ್ಲಿ 500 ಮಿಲಿಗ್ರಾಂ ಪೊಟ್ಯಾಸಿಯಂ ಸುಲಭವಾಗಿ ಇರುತ್ತದೆ. ಆ ಭೇಟಿಗೆ ಸೇಬು ಒಯ್ಯಿರಿ.

ಸಸ್ಯಜನ್ಯವಾದದ್ದೆಲ್ಲ ಸಾಧು ಎಂದೂ ತಿಳಿಯಬೇಡಿ. ನಮ್ಮ ಹಿತ್ತಲಿನ ಎರಡು ಹುಳಿಗಳು ಕಿಡ್ನಿ ರೋಗಿಗೆ ವಿಷವೇ ಸರಿ. ದಾರೆಹುಳಿಯಲ್ಲಿ, ಅಂದರೆ ಕಮರಾಕ್ಷಿಯಲ್ಲಿ, ಮಿದುಳಿಗೆ ತಾಗುವ ಒಂದು ವಸ್ತುವಿದೆ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಹಾಕುತ್ತದೆ. ರೋಗಿಯಲ್ಲಿ ಅದು ಉಳಿದು ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರದವರೆಗೆ ಒಯ್ಯುತ್ತದೆ. ಮೀನು ಸಾರಿಗೆ ಹಾಕುವ ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ. ಅದರ ರಸ ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ಮನೆಮದ್ದಿನ ನಂಬಿಕೆಯಿದೆ. ಆ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ 10 ಮಂದಿಯ ವಿವರವನ್ನು ಕೇರಳದ ಐದು ಆಸ್ಪತ್ರೆಗಳ ವೈದ್ಯರು 2013ರಲ್ಲಿ ಪ್ರಕಟಿಸಿದ್ದರು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಕೇರಳ ನಮಗೆ ದೂರವಲ್ಲ, ಆ ಮರ ನಮ್ಮ ಬಾವಿಕಟ್ಟೆಯ ಬಳಿಯೂ ಇದೆ.

ಉಪ್ಪಿನ ಬಗ್ಗೆ ಎಲ್ಲರಿಗೂ ಗೊತ್ತಿದೆ, ದಿನಕ್ಕೆ ಒಂದು ಚಮಚ ಅಂದರೆ 5 ಗ್ರಾಂ ದಾಟಬಾರದು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಈ ಲೆಕ್ಕದಲ್ಲಿಯೇ ಸೇರುತ್ತವೆ. ಅಂಗಡಿಯಲ್ಲಿ 'ಕಡಿಮೆ ಸೋಡಿಯಂ ಉಪ್ಪು' ಎಂದು ಮಾರುವ ಪೊಟ್ಟಣದಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತದೆ. ರಕ್ತದೊತ್ತಡ ಮಾತ್ರ ಇರುವವರಿಗೆ ಒಳ್ಳೆಯದಾದರೂ ಕಿಡ್ನಿ ರೋಗಿಗೆ ಅಪಾಯ. ಹಾಗೆಯೇ ಫ್ರೀಜರಿನ ನಗ್ಗೆಟ್ಸ್, ಸಾಸೇಜ್, ತಯಾರಿ ಕಬಾಬ್. ಇವುಗಳಲ್ಲಿ ಹಾಕುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಪೊಟ್ಟಣದ ಹಿಂದೆ ಐಎನ್‌ಎಸ್ 450, 451, 452 ಎಂಬ ಸಂಖ್ಯೆಗಳಿದ್ದರೆ, ಕೋಲಾದ ಬಾಟಲಿಯಲ್ಲಿ 338 ಇದ್ದರೆ, ಅದು ಫಾಸ್ಫೇಟಿನ ಗುರುತು. ಹಲಾಲ್ ಮುದ್ರೆ ನೋಡಿ ಕೊಳ್ಳುವ ನಾವು ಪೊಟ್ಟಣವನ್ನು ತಿರುಗಿಸಿ ಈ ಸಂಖ್ಯೆಗಳನ್ನೂ ನೋಡಬಹುದು.

ಡಯಾಲಿಸಿಸ್ ಆರಂಭವಾದ ಮೇಲೆ ಪ್ರೊಟೀನಿನ ಲೆಕ್ಕ ತಿರುಗುತ್ತದೆ. ಯಂತ್ರದಲ್ಲಿ ರಕ್ತ ಹಾಯುವಾಗ ಪೋಷಕಾಂಶವೂ ಸೋರುತ್ತದೆ. ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಪ್ರೊಟೀನು ಬೇಕು. ಬೇಳೆಯ ಜೊತೆ ಮೊಟ್ಟೆ, ಮೀನು, ಕೋಳಿ ಕೊಡಬೇಕು. ಮೊದಲಿನ ಪಥ್ಯವನ್ನೇ ಮುಂದುವರಿಸಿ ಅವರನ್ನು ಒಣಗಿಸಬಾರದು. ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ಅವರು ಎಲ್ಲರಿಗಿಂತ ಬಿಗಿಯಾಗಿರಬೇಕು, ಅದರಲ್ಲೂ ಎರಡು ಡಯಾಲಿಸಿಸ್‌ಗಳ ನಡುವಿನ ಉದ್ದದ ಬಿಡುವಿನಲ್ಲಿ.

ರಮಝಾನಿನಲ್ಲಿ ಈ ಪ್ರಶ್ನೆಗಳೆಲ್ಲ ಒಟ್ಟಿಗೇ ಬರುತ್ತವೆ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಪವಿತ್ರ ಕುರ್‌ಆನಿನ ಅಲ್ ಬಖರ ಅಧ್ಯಾಯದಿಂದಲೇ ನಮಗೆಲ್ಲ ತಿಳಿದದ್ದು. ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯಾದರೆ ಫಿದ್ಯಾ ಇದೆ. ಆದರೂ ನಮ್ಮ ಹಿರಿಯರು ಉಪವಾಸ ಬಿಡಲು ಒಪ್ಪುವುದಿಲ್ಲ. ಕಿಡ್ನಿ ರೋಗ ಮುಂದುವರಿದ ಹಂತದಲ್ಲಿದ್ದವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ ವೈದ್ಯರು ಉಪವಾಸ ಬೇಡವೆಂದೇ ಹೇಳುತ್ತಾರೆ. ಆರಂಭದ ಹಂತದವರು ಶಅಬಾನ್ ತಿಂಗಳಲ್ಲೇ ರಕ್ತಪರೀಕ್ಷೆ ಮಾಡಿಸಿ ಮಾತನಾಡಬೇಕು. ಮಾತ್ರೆಗಳ ಹೊತ್ತನ್ನೂ ಬದಲಿಸಬೇಕಾಗುತ್ತದೆ. ಇಫ್ತಾರಿನಲ್ಲಿ ಸಣ್ಣ ಖರ್ಜೂರ ಮೂರು ತಿಂದರೆ ಸುಮಾರು 150 ಮಿಲಿಗ್ರಾಂ ಪೊಟ್ಯಾಸಿಯಂ, ದೊಡ್ಡ ಮೆಜೂಲ್ ಮೂರಾದರೆ 500. ಅದರ ಮೇಲೆ ಹಣ್ಣಿನ ಜ್ಯೂಸು, ಬಾಳೆಹಣ್ಣಿನ ಮಿಲ್ಕ್‌ಶೇಕು. ಪೊಟ್ಯಾಸಿಯಂ ಹೆಚ್ಚಿರುವವರು ಒಂದು ಸಣ್ಣ ಖರ್ಜೂರದಿಂದ ಉಪವಾಸ ತೊರೆದರೆ ಸುನ್ನತ್ತಿಗೆ ಏನೂ ಕೊರತೆಯಾಗದು.

ಬಕ್ರೀದಿನ ವಿಷಯ ಬೇರೆ. ಖುರ್ಬಾನಿ ಕೊಟ್ಟವರು ಅದರ ಮಾಂಸವನ್ನು ತಾವೂ ತಿನ್ನಲೇಬೇಕು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯವಲ್ಲ. ರೋಗಿಯ ಪಾಲನ್ನು ಹಂಚಿಬಿಡಬಹುದು, ಬರಕತ್ತಿಗೆ ಒಂದು ತುಂಡು ಸಾಕು. ಹಬ್ಬದ ವಾರದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕಾಗಿ ಬಂದರೆ ಹಿಂದಿನ ದಿನ ಮಾಂಸ ತಿನ್ನಬೇಡಿ. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರುತ್ತದೆ. ಅದು ರಕ್ತಕ್ಕೆ ಸೇರಿ ಕೆಲವು ಗಂಟೆಗಳ ಕಾಲ ಅಂಕಿ ಏರಿ, ಮನೆಯವರೆಲ್ಲ ಗಾಬರಿಯಾಗುತ್ತಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದು ಹೆಚ್ಚು ಮೋಸದ್ದು. ಮಾಂಸ ಬಿಟ್ಟ ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಇಳಿಯಬಹುದು. ಆಗ 'ನಮ್ಮ ಪಥ್ಯದಿಂದ ಕಿಡ್ನಿ ಸರಿಯಾಯಿತು, ಇನ್ನು ಮಾತ್ರೆ ಬೇಡ' ಎನ್ನುವವರು ಊರೂರಲ್ಲಿದ್ದಾರೆ, ಮೊಬೈಲಿನಲ್ಲೂ ಇದ್ದಾರೆ. ಇಳಿದದ್ದರಲ್ಲಿ ಒಂದು ಪಾಲು ಮಾಂಸದಿಂದ ಬರುತ್ತಿದ್ದ ಕ್ರಿಯಾಟಿನಿನ್, ಅಷ್ಟೇ. ರೋಗಿ ಸರಿಯಾಗಿ ಉಣ್ಣದೆ ಮಾಂಸಖಂಡ ಕರಗಿದರೂ ಕ್ರಿಯಾಟಿನಿನ್ ಇಳಿಯುತ್ತದೆ. ಹಾಗೆ ಇಳಿದದ್ದು ಸಂತೋಷದ ಸುದ್ದಿಯಲ್ಲ. ಆದ್ದರಿಂದ ಪ್ರತಿ ಸಲದ ವರದಿಯ ಮೂಲೆಯಲ್ಲಿ ಅಂದಿನ ತೂಕವನ್ನೂ ಪೆನ್ನಿನಿಂದ ಬರೆದಿಡಿ. ಪಾದದಲ್ಲಿ ನೀರು ತುಂಬಿದ್ದರೆ ಅದನ್ನೂ ಬರೆಯಿರಿ, ಆಗ ತೂಕ ಸುಳ್ಳು ಹೇಳುತ್ತದೆ. ಕ್ರಿಯಾಟಿನಿನ್ ಮತ್ತು ತೂಕ ಒಟ್ಟಿಗೆ ಇಳಿಯುತ್ತಿದ್ದರೆ ಮುಂದಿನ ತಾರೀಖಿನವರೆಗೆ ಕಾಯದೆ ಆ ಹಾಳೆಗಳನ್ನು ವೈದ್ಯರಿಗೆ ತೋರಿಸಿ.